ಹಾಟ್ ರಾಡ್ ಕಾರ್ಯಕ್ರಮಗಳು: ಒಂದು ವಾರದಲ್ಲಿ ಕಾರು ಕಟ್ಟುವುದು ನಿಜವೇ?

ಪ್ರಶ್ನೆ
ಬರೆದವರು: ತುಮಕೂರಿನ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಜೀವನವಿಡೀ ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ ಮಾಡಿಕೊಂಡು ಬಂದವರು. ಡಿಸ್ಕವರಿ ಮತ್ತು ಟಿಎಲ್‌ಸಿ ವಾಹಿನಿಗಳ ‘ಅಮೆರಿಕನ್ ಹಾಟ್ ರಾಡ್’, ‘ಓವರ್‌ಹಾಲಿನ್’, ‘ಫಾಸ್ಟ್ ಎನ್ ಲೌಡ್’ ಕಾರ್ಯಕ್ರಮಗಳನ್ನು ನಾವಿಬ್ಬರೂ ಬಹಳ ಆಸಕ್ತಿಯಿಂದ ನೋಡಿದ್ದೇವೆ. ಹಳೆಯ ಕಾರನ್ನು ವೇಗಕ್ಕೂ ಅಂದಕ್ಕೂ ಮಾರ್ಪಡಿಸಿದರೆ ಅದನ್ನು ಹಾಟ್ ರಾಡ್ ಎನ್ನುತ್ತಾರೆ. ಆದರೆ ಅವರಿಗೆ ಒಂದು ತಕರಾರು ಇದೆ. ಪಟ್ಟಿ (ತಗಡಿನ ತಗ್ಗು ತುಂಬುವ ಪುಟ್ಟಿ) ಹಾಕಿ, ಅದು ಒಣಗಿದ ಮೇಲೆ ವಾಟರ್ ಪೇಪರಿನಿಂದ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜಿ, ಬಣ್ಣ ಬಳಿದು ಹೊಳಪು ತರುವಷ್ಟರಲ್ಲಿ ಒಂದು ಬಾಗಿಲಿಗೇ ದಿನಗಳು ಹಿಡಿಯುವಾಗ, ಇಡೀ ಕಾರನ್ನು ಬಿಚ್ಚಿ, ಎಂಜಿನ್ ಬದಲಿಸಿ, ಒಳಗಿನ ಹೊದಿಕೆಯನ್ನೂ ಹೊಲಿದು ಒಂದು ವಾರದಲ್ಲಿ ಕೀಲಿ ಕೊಡುವುದು ಹೇಗೆ ಸಾಧ್ಯ ಎಂದು ಕೇಳುತ್ತಾರೆ. ಇವುಗಳಲ್ಲಿ ತೋರಿಸುವ ಗಡುವು ನಿಜವೇ? ಕೆಲಸಕ್ಕಿಂತ ಜಗಳವನ್ನೇ ಹೆಚ್ಚು ತೋರಿಸುವುದು ಏಕೆ? ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ
ಬರೆದವರು: ಆರೆಂಜ್ ಕೌಂಟಿ ಕನ್ನಡಿಗ

ತಮ್ಮ ತಂದೆಯವರ ಸಂದೇಹ ಅನುಭವಸ್ಥರ ಸಂದೇಹ, ಅದಕ್ಕೆ ಪೂರ್ತಿ ಆಧಾರವಿದೆ. ‘ಓವರ್‌ಹಾಲಿನ್’ 2004ರಲ್ಲಿ ಟಿಎಲ್‌ಸಿಯಲ್ಲಿ ಆರಂಭವಾಯಿತು. ಮಾಲೀಕರಿಗೆ ಗೊತ್ತಾಗದಂತೆ, ಮನೆಯವರೊಬ್ಬರ ಸಹಕಾರದಿಂದ ಕಾರನ್ನು ಉಪಾಯವಾಗಿ ಎತ್ತಿಕೊಂಡು ಬಂದು, ಒಂದು ವಾರದ ಆಸುಪಾಸಿನಲ್ಲಿ ಹೊಸ ರೂಪ ಕೊಟ್ಟು ಹಿಂತಿರುಗಿಸುವುದು ಅದರ ಕಥಾಹಂದರ. ಅದರ ಕಾರು ವಿನ್ಯಾಸಕ ಚಿಪ್ ಫೂಸ್ ಅವರು ಕಾಗದದ ಮೇಲೆ ಕಾರಿನ ಹೊಸ ರೂಪವನ್ನು ಬಿಡಿಸುವ ದೃಶ್ಯವನ್ನು ತಾವು ನೋಡಿಯೇ ಇರುತ್ತೀರಿ. ಅಲ್ಲಿ ಒಂದು ಕಾರಿಗೆ ಒಬ್ಬ ಮೇಸ್ತ್ರಿ ಮತ್ತು ಇಬ್ಬರು ಹುಡುಗರು ಎಂಬ ಲೆಕ್ಕವಿಲ್ಲ. ನುರಿತವರ ದೊಡ್ಡ ತಂಡವೊಂದು ಹಗಲು ರಾತ್ರಿ ಎನ್ನದೆ ಒಂದೇ ಕಾರಿನ ಮೇಲೆ ದುಡಿಯುತ್ತದೆ. ಒಬ್ಬರು ಬಾಗಿಲನ್ನು ಉಜ್ಜುತ್ತಿರುವಾಗಲೇ ಇನ್ನೊಬ್ಬರು ಸಸ್ಪೆನ್ಷನ್ ಅನ್ನು, ಮತ್ತೊಬ್ಬರು ವೈರಿಂಗನ್ನು ನೋಡಿಕೊಳ್ಳುತ್ತಾರೆ. ಹೀಗೆ ಲೆಕ್ಕ ಹಾಕಿದರೆ ಆ ವಾರದೊಳಗೆ ಒಂದು ಸಾಧಾರಣ ಗ್ಯಾರೇಜಿನ ಹಲವು ತಿಂಗಳ ದುಡಿಮೆ ಅಡಗಿದೆ.

ಇಷ್ಟಾದರೂ ಅದು ಹಾಟ್ ರಾಡ್ ಕಟ್ಟುವವರ ನಿಜವಾದ ವೇಗವಲ್ಲ. ಅದೇ ಫೂಸ್ ಅವರ ಸಂಸ್ಥೆ ಗಟ್ಟಿ ಛಾವಣಿಯಿಲ್ಲದ 1936ರ ಫೋರ್ಡ್ ರೋಡ್‌ಸ್ಟರ್ ಮಾದರಿಯಿಂದ ಪ್ರೇರಿತವಾಗಿ ‘ಇಂಪ್ರೆಷನ್’ ಎಂಬ ಕಾರನ್ನು ಕಟ್ಟಿತು. ಅದು 2005ರಲ್ಲಿ ಡೆಟ್ರಾಯಿಟ್ ಆಟೋರಾಮಾ ಎಂಬ ಕಾರು ಪ್ರದರ್ಶನದ ರಿಡ್ಲರ್ ಪ್ರಶಸ್ತಿಯನ್ನೂ, ಮರುವರ್ಷ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಎಂಬ ಗೌರವವನ್ನೂ ಗಳಿಸಿತು. ಆ ಕಾರಿಗೆ ಹಿಡಿದದ್ದು ವಾರಗಳಲ್ಲ, ವರ್ಷಗಳು. ಒಬ್ಬರೇ ಮನುಷ್ಯರು ದೂರದರ್ಶನಕ್ಕಾಗಿ ವಾರದಲ್ಲಿ ಮುಗಿಸಿದ ಕಾರು ಮತ್ತು ಸ್ಪರ್ಧೆಗಾಗಿ ವರ್ಷಗಟ್ಟಲೆ ತಿದ್ದಿದ ಕಾರು, ಇವೆರಡರ ನಡುವಿನ ಅಂತರದಲ್ಲಿಯೇ ತಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ ಎಂದು ನನಗೆ ತೋರುತ್ತದೆ.

ಜಗಳದ ವಿಚಾರಕ್ಕೆ ಬಂದರೆ, ನನಗೆ ನಿಜವಾಗಿ ನೋವಾಗುವುದು ‘ಅಮೆರಿಕನ್ ಹಾಟ್ ರಾಡ್’ ಬಗ್ಗೆ. ಅದು 2004ರಿಂದ 2008ರವರೆಗೆ ನಡೆಯಿತು. ಕ್ಯಾಲಿಫೋರ್ನಿಯಾದ ಲಾ ಹಾಬ್ರಾದಲ್ಲಿದ್ದ ಬಾಯ್ಡ್ ಕಾಡಿಂಗ್ಟನ್ ಅವರ ಕಾರ್ಯಾಗಾರವೇ ಅದರ ರಂಗಸ್ಥಳ. ಕಾರ್ಯಕ್ರಮವನ್ನು ಮಾತ್ರ ನೋಡಿದವರಿಗೆ ಬಾಯ್ಡ್ ಎಂದರೆ ಹೂವಿನ ಚಿತ್ರದ ಅಂಗಿ ತೊಟ್ಟು, ಗಡುವು ಮೀರಿತೆಂದು ಕೆಲಸಗಾರರ ಮೇಲೆ ರೇಗುವ ಯಜಮಾನ. ಆದರೆ ಅವರು ಯಂತ್ರಕುಶಲಿಯಾಗಿ ಡಿಸ್ನಿಲ್ಯಾಂಡಿನಲ್ಲಿ ದುಡಿಯುತ್ತಲೇ ಬಿಡುವಿನ ವೇಳೆಯಲ್ಲಿ ಕಾರು ಕಟ್ಟಿ ಮೇಲೆ ಬಂದವರು. ಗಟ್ಟಿ ಅಲ್ಯುಮಿನಿಯಂ ದಿಂಡನ್ನು ಯಂತ್ರದಲ್ಲಿ ಕಡೆದು ತೆಗೆದ ಚಕ್ರಗಳು ಅವರ ಹೆಸರಿನಿಂದಲೇ ಪ್ರಸಿದ್ಧವಾದವು. ಹಿಡಿ, ಕೀಲು, ಅಲಂಕಾರಪಟ್ಟಿ ಎಲ್ಲವನ್ನೂ ಮರೆಮಾಡಿ ಕಾರಿನ ಮೈಯನ್ನು ನುಣುಪಾಗಿಸುವ ಒಂದು ಶೈಲಿಯೇ ಅವರ ಕಾರ್ಯಾಗಾರದಿಂದ ಹರಡಿತು. ಸಂಗೀತಗಾರ ಬಿಲ್ಲಿ ಗಿಬ್ಬನ್ಸ್ ಅವರಿಗಾಗಿ 1948ರ ಕ್ಯಾಡಿಲಾಕ್ ಕಾರಿನಿಂದ ರೂಪಿಸಿ 1989ರಲ್ಲಿ ಮುಗಿಸಿದ ‘ಕ್ಯಾಡ್‌ಜಿಲ್ಲಾ’ವನ್ನು ಈಗಲೂ ಜನ ನಿಂತು ನೋಡುತ್ತಾರೆ. ಚಿಪ್ ಫೂಸ್ ಕೂಡ ಬಾಯ್ಡ್ ಅವರ ಬಳಿಯೇ ಪಳಗಿದವರು. 1990ರ ದಶಕದ ಕೊನೆಯಲ್ಲಿ ಬಾಯ್ಡ್ ಅವರ ಆಗಿನ ಸಂಸ್ಥೆ ದಿವಾಳಿಯಾದ ಹೊತ್ತಿನಲ್ಲಿ ಹೊರಬಂದು ಸ್ವಂತ ಸಂಸ್ಥೆ ಕಟ್ಟಿದರು. ಬಾಯ್ಡ್ ಅವರ ಬಳಿಯಿದ್ದ ಬಣ್ಣದ ಪರಿಣತ ಚಾರ್ಲಿ ಹಟನ್ ಮುಂದೆ ಫೂಸ್ ಅವರ ಕಡೆಗೆ ಹೋದರು. ಗುರುಶಿಷ್ಯರ ಈ ಬಿರುಕು ಕ್ಯಾಮೆರಾಗಳಿಗೆ ಸುಲಭವಾಗಿ ಸಿಕ್ಕಿತು, ಬಾಯ್ಡ್ ಅವರ ಕಣ್ಣಳತೆ ಸಿಗಲಿಲ್ಲ. ಅವರು 2008ರ ಫೆಬ್ರವರಿಯಲ್ಲಿ ತೀರಿಕೊಂಡರು.

ಉತ್ತರ
ಬರೆದವರು: ತಗಡಿನ ಕೆಲಸ

ಮೇಲಿನ ಬರಹಕ್ಕೆ ಒಂದು ಮಾತು ಸೇರಿಸಬಯಸುತ್ತೇನೆ. ಗಡುವಿನಿಂದ ಆಗುವ ದೊಡ್ಡ ನಷ್ಟವೆಂದರೆ, ನೋಡುಗರಿಗೆ ಕೆಲಸದ ಕಷ್ಟವೇ ಅರ್ಥವಾಗದೆ ಹೋಗುತ್ತದೆ. ಛಾವಣಿ ತಗ್ಗಿಸುವ, ಅಂದರೆ ಅದರ ಕಂಬಗಳನ್ನು ಕತ್ತರಿಸಿ ಗಿಡ್ಡ ಮಾಡುವ ಕೆಲಸವನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಕಿಡಿಗಳು ಹಾರುತ್ತವೆ, ನಾಲ್ವರು ಸೇರಿ ಛಾವಣಿಯನ್ನು ಎತ್ತಿ ಇಡುತ್ತಾರೆ, ಜಾಹೀರಾತು ಮುಗಿಯುವಷ್ಟರಲ್ಲಿ ಕಾರು ತಗ್ಗಾಗಿರುತ್ತದೆ. ವಾಸ್ತವದಲ್ಲಿ ಮುಂದಿನ ಗಾಜಿನ ಇಕ್ಕೆಲದ ಕಂಬಗಳು ಓರೆಯಾಗಿರುವುದರಿಂದ, ಅವುಗಳ ಎತ್ತರದಲ್ಲಿ ಮೂರು ಅಂಗುಲ ಕತ್ತರಿಸಿ ತೆಗೆದರೆ ಮೇಲಿನ ತುಂಡು ಕೆಳಗಿನ ತುಂಡಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಕಂಬವನ್ನು ಇನ್ನಷ್ಟು ಓರೆ ಮಾಡಬೇಕು, ಇಲ್ಲವೇ ಛಾವಣಿಯನ್ನು ಅಡ್ಡಲಾಗಿ ಸೀಳಿ ನಡುವೆ ತಗಡು ಸೇರಿಸಿ ಉದ್ದ ಮಾಡಬೇಕು. 1932ರ ಫೋರ್ಡ್ ಕಾರಿನ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿರುವುದರಿಂದ ಅದು ವಾಸಿ. 1949ರಿಂದ 1951ರವರೆಗಿನ ಮರ್ಕ್ಯುರಿ ಕಾರುಗಳ ಛಾವಣಿ ಎಲ್ಲ ಕಡೆಗೂ ಬಾಗಿರುವುದರಿಂದ ಅನುಭವಿಗಳಿಗೂ ಅದು ಪರೀಕ್ಷೆಯೇ ಸರಿ. ಬೆಸುಗೆಯ ಶಾಖಕ್ಕೆ ತೆಳು ತಗಡು ಸೊಟ್ಟಗಾಗುವುದರಿಂದ ಒಂದೇ ಎಳೆಯಲ್ಲಿ ಬೆಸೆಯುವಂತಿಲ್ಲ. ಅಲ್ಲೊಂದು ಇಲ್ಲೊಂದು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ, ಆರಲು ಬಿಟ್ಟು, ಒಳಗಿನಿಂದ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಬೇಕು. ಆಮೇಲೆ ಬಾಗಿಲ ಚೌಕಟ್ಟು, ಗಾಜು, ರಬ್ಬರು ಎಲ್ಲವನ್ನೂ ಹೊಸ ಅಳತೆಗೆ ಕತ್ತರಿಸಬೇಕು. ಒಳ್ಳೆಯ ಕೆಲಸಗಾರರು ಇಷ್ಟೆಲ್ಲ ಆದ ಮೇಲೆ ಪಟ್ಟಿಯನ್ನು ಬಹಳ ತೆಳುವಾಗಿ ಮಾತ್ರ ಬಳಸುತ್ತಾರೆ. ತಮ್ಮ ತಂದೆಯವರು ಇದನ್ನು ಓದಿದರೆ ಖಂಡಿತ ಒಪ್ಪುತ್ತಾರೆ.

ಛಾವಣಿ ಏಕೆ ತಗ್ಗಿಸಬೇಕು ಎಂಬುದನ್ನೂ ಈ ಕಾರ್ಯಕ್ರಮಗಳು ಹೇಳುವುದು ಅಪರೂಪ. ದಕ್ಷಿಣ ಕ್ಯಾಲಿಫೋರ್ನಿಯಾದ ಮ್ಯೂರಾಕ್ ಮತ್ತು ಎಲ್ ಮಿರಾಜ್ ಎಂಬ ಒಣ ಸರೋವರಗಳ ಗಟ್ಟಿ ನೆಲದ ಮೇಲೆ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. ಗಾಳಿಯ ತಡೆ ಕಡಿಮೆಯಾಗಲೆಂದು ಛಾವಣಿ ತಗ್ಗಿತು, ಭಾರ ಇಳಿಯಲೆಂದು ಮಡ್ಗಾರ್ಡುಗಳು ಹೋದವು. 1932ರಲ್ಲಿ ಫೋರ್ಡ್ ಸಂಸ್ಥೆ ಅಗ್ಗದ ಕಾರಿಗೂ 65 ಅಶ್ವಶಕ್ತಿಯ ವಿ8 ಎಂಜಿನ್ ಕೊಟ್ಟದ್ದರಿಂದ ಈ ಹವ್ಯಾಸ ಬಡ ಹುಡುಗರ ಕೈಗೂ ಎಟುಕಿತು. 1937ರಲ್ಲಿ ಆ ಭಾಗದ ಹಲವು ಕಾರು ಸಂಘಗಳು ಸೇರಿ ಓಟಗಳಿಗೆ ನಿಯಮ ರೂಪಿಸಿದವು. ಇಷ್ಟು ಹಿನ್ನೆಲೆಯನ್ನು ಹೇಳಲು ಒಂದು ಕಂತಿನಲ್ಲಿ ಎರಡು ನಿಮಿಷ ಸಾಕಿತ್ತು.

ಮರುಪ್ರಶ್ನೆ
ಬರೆದವರು: ತುಮಕೂರಿನ ಓದುಗ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಕಂಬ ಓರೆಯಾಗುವ ವಿಷಯವನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಒಂದು ರಟ್ಟಿನ ಮೇಲೆ ಗೆರೆ ಎಳೆದು ನನಗೆ ಮತ್ತೊಮ್ಮೆ ವಿವರಿಸಿದರು. ನಮ್ಮಲ್ಲಿ ಹೀಗೆ ಒಂದು ಹಳೆಯ ಕಾರನ್ನು ಮಾರ್ಪಡಿಸಿ ರಸ್ತೆಗೆ ಇಳಿಸಲು ಸಾಧ್ಯವೇ?

ಉತ್ತರ
ಬರೆದವರು: ಆರ್‌ಸಿ ಪುಸ್ತಕ

ಅಮೆರಿಕದಲ್ಲಿ ತೋರಿಸುವ ರೀತಿಯಲ್ಲಿ ಸಾಧ್ಯವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೆಲವು ವಿನಾಯಿತಿಗಳು ಮಾತ್ರ ಇವೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹೀಗಾಗಿ ಛಾವಣಿ ಕತ್ತರಿಸಿ ಚಾಸಿ ಬದಲಿಸಿದ ಕಾರು ಪ್ರದರ್ಶನಕ್ಕೆ ಸರಿ, ರಸ್ತೆಗೆ ಬಂದರೆ ನೋಂದಣಿಯೇ ರದ್ದಾಗಬಹುದು. ಬಣ್ಣ ಬದಲಿಸುವುದಿದ್ದರೂ ಆರ್‌ಟಿಒ ಕಚೇರಿಯಲ್ಲಿ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯನ್ನು ಮೂಲರೂಪಕ್ಕೆ ತರಲು ಮಾತ್ರ ಈ ಕಲಮಿನ ಅಡ್ಡಿಯಿಲ್ಲ, ಮತ್ತು ಅದಕ್ಕೆ ಬೇಕಾದ ತಗಡಿನ ಕೆಲಸ ತಮ್ಮ ತಂದೆಯವರಿಗೆ ಈಗಾಗಲೇ ಬರುತ್ತದೆ. ಕಾರನ್ನು ಕೊಳ್ಳುವ ಮೊದಲು ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಕಾರಿನ ಮೇಲೆ ಕೊರೆದಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ಖುದ್ದಾಗಿ ನೋಡಿಕೊಳ್ಳಿ.