ಪದಚರ್ಚೆ: ಕನೆಕ್ಟರನ್ನು ‘ಬಿಡಿಸಿದೆ’ ಎಂದರೆ ಕಿತ್ತೆ ಎಂದೋ, ಅರಿತೆ ಎಂದೋ?

ಆಪಲ್‌ನ ಹಳೆಯ ಹಾಡುಪೆಟ್ಟಿಗೆಗಳಾದ ಐಪಾಡ್‌ಗಳ ತಳದಲ್ಲಿರುವ, ಚಾರ್ಜಿಗೂ ಡೇಟಾಕ್ಕೂ ಬಳಸುವ 30 ಪಿನ್ನಿನ ಡಾಕ್ ಕನೆಕ್ಟರಿಗೆ ಬೇಕಾದ ಕೇಬಲ್ಲನ್ನು ನಾವೇ ಮಾಡಿಕೊಳ್ಳುವುದು ಹೇಗೆ ಅಂತ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಬೆಸುಗೆ, ತಂತಿ, ಮಲ್ಟಿಮೀಟರ್ ಎಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ಪೆನ್ನು ನಿಂತಿದ್ದು ‘ರಿವರ್ಸ್ ಇಂಜಿನಿಯರಿಂಗ್’ ಎಂಬಲ್ಲಿ, ಅಂದರೆ ಸಿದ್ಧ ವಸ್ತುವನ್ನು ಪರೀಕ್ಷಿಸಿ ಅದನ್ನು ಹೇಗೆ ಕಟ್ಟಿದ್ದಾರೆ ಎಂದು ಕಂಡುಕೊಳ್ಳುವುದು. ಮೊದಲ ಕರಡಿನಲ್ಲಿ ‘ವಿಲೋಮ ಅಭಿಯಂತ್ರಣ’ ಎಂದು ಬರೆದು, ವರ್ಷಗಟ್ಟಲೆ ಬೆಸುಗೆ ಕೆಲಸ ಮಾಡಿದ ಗೆಳೆಯನಿಗೆ ಓದಲು ಕೊಟ್ಟೆ. ‘ಇದೇನು, ಪ್ರಾಣಾಯಾಮವಾ?’ ಎಂದ.

ಅವನ ಮಾತಲ್ಲಿ ಹುರುಳಿದೆ. ವಿಲೋಮ ಎಂದರೆ ಮೂಲದಲ್ಲಿ ಕೂದಲಿನ ಎದುರು ದಿಕ್ಕಿಗೆ ಹೋಗುವುದು. ಶಾಲೆಯಲ್ಲಿ ಗಣಿತ ಓದಿದವರಿಗೆ ವಿಲೋಮಾನುಪಾತ ನೆನಪಾಗುತ್ತದೆ: ಒಂದು ಹೆಚ್ಚಿದರೆ ಇನ್ನೊಂದು ಕಡಿಮೆ. ‘ಹಿಮ್ಮುಖ’ ಎಂದರೆ ಗಾಡಿ ಹಿಂದಕ್ಕೆ ತೆಗೆದಂತೆ. ‘ಮರುವಿನ್ಯಾಸ’ವಂತೂ ಬೇರೆಯೇ ಕೆಲಸ, ಇದ್ದದ್ದನ್ನು ಹೊಸದಾಗಿ ರೂಪಿಸುವುದು. ಇಲ್ಲಿ ನಾವು ಏನನ್ನೂ ರೂಪಿಸುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ. ಯಾರೋ ಕಟ್ಟಿಟ್ಟದ್ದು ಕೈಯಲ್ಲಿದೆ, ಅದನ್ನು ಹೇಗೆ ಕಟ್ಟಿದ್ದಾರೆ ಎಂಬ ವಿವರ ಕೈಯಲ್ಲಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿದರೆ ಪದ ತಾನಾಗಿ ಸಿಗಬಹುದು ಅನ್ನಿಸಿತು. 2003ರಲ್ಲಿ ಮೂರನೇ ತಲೆಮಾರಿನ ಐಪಾಡ್ ಜೊತೆ ಬಂದ ಈ ಕನೆಕ್ಟರು 2012ರಲ್ಲಿ ಲೈಟ್ನಿಂಗ್ ಎಂಬ ಹೊಸ ಕನೆಕ್ಟರು ಬರುವ ತನಕ ಆಪಲ್‌ನ ಸಾಧನಗಳಲ್ಲಿ ಉಳಿಯಿತು. ಯಾವ ಪಿನ್ನಿಗೆ ಯಾವ ಕೆಲಸ ಎಂಬುದನ್ನು ಆಸಕ್ತರು ಒಂದೊಂದಾಗಿ ಪತ್ತೆ ಮಾಡಿದರು. ಅಸಲಿ ಕೇಬಲ್ಲಿನ ಯುಎಸ್‌ಬಿ ತುದಿಗೆ ಮಲ್ಟಿಮೀಟರಿನ ಒಂದು ಕಡ್ಡಿ, ಇನ್ನೊಂದು ಕಡ್ಡಿ 30 ಹಲ್ಲುಗಳ ಮೇಲೆ ಒಂದಾದ ಮೇಲೊಂದು. ಬೀಪ್ ಎಂದರೆ ಜಾಡು ಸಿಕ್ಕಿತು. ಹೀಗೆ 23ರಲ್ಲಿ 5 ವೋಲ್ಟ್, 25 ಮತ್ತು 27ರಲ್ಲಿ ಡೇಟಾ, 15 ಮತ್ತು 16ರಲ್ಲಿ ಗ್ರೌಂಡ್ (ಸೊನ್ನೆ ವೋಲ್ಟಿನ ತಂತಿ) ಎಂದು ಹಾಳೆಯ ಮೇಲೆ ತುಂಬುತ್ತಾ ಹೋಗುತ್ತದೆ. 3 ಮತ್ತು 4ರಲ್ಲಿ ಬಲ, ಎಡ ಕಿವಿಯ ಹಾಡು. ಅದು ಲೈನ್ ಔಟ್, ವಾಲ್ಯೂಮ್ ಎಷ್ಟೇ ಇಡಿ, ಅದರ ಮಟ್ಟ ಬದಲಾಗದು.

ಬೀಪ್‌ಗೆ ಸಿಗದವೂ ಇವೆ. 21ನೇ ಪಿನ್ನಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ (ವಿದ್ಯುತ್ತಿನ ಹರಿವನ್ನು ತಡೆಯುವ ಪುಟ್ಟ ಬಿಡಿಭಾಗ) ಹಾಕಿದ್ದರೆ, ಅದು ಎಷ್ಟು ತಡೆಯುತ್ತದೆ ಎಂಬುದನ್ನು ನೋಡಿ ಪ್ಲೇಯರು ‘ಬಂದವರು ಯಾರು’ ಎಂದು ಗುರುತು ಹಿಡಿಯುತ್ತದೆ. ಚಾರ್ಜರಿನದೂ ಇದೇ ಕಥೆ. ಬರೀ 5 ವೋಲ್ಟ್ ಕೊಟ್ಟರೆ ಎಷ್ಟೋ ಮಾದರಿಗಳು ಚಾರ್ಜ್ ಆಗಲು ಒಪ್ಪುವುದಿಲ್ಲ, ಡೇಟಾದ ಎರಡು ತಂತಿಗಳ ಮೇಲೂ ಸುಮಾರು 2 ವೋಲ್ಟ್ ಕಾಣಬೇಕು. 12 ಮತ್ತು 13ರಲ್ಲಿ ಸೀರಿಯಲ್ ಮಾತುಕತೆ, ಅಂದರೆ ಬಿಟ್‌ಗಳನ್ನು ಒಂದರ ಹಿಂದೊಂದಾಗಿ ಕಳಿಸುವುದು, ಸಾಮಾನ್ಯವಾಗಿ ಸೆಕೆಂಡಿಗೆ 19,200 ಬಿಟ್‌ನಂತೆ. ಪ್ರತಿ ಸಂದೇಶವೂ (ಹದಿನಾರರ ಎಣಿಕೆಯಲ್ಲಿ) ಎಫ್‌ಎಫ್, 55 ಎಂಬ ಎರಡು ಬೈಟ್‌ಗಳಿಂದ ಶುರು. ಅದನ್ನು ಕದ್ದು ಕೇಳಿ, ಎಲ್ಲಿಂದ ಎಲ್ಲಿಗೆ ಒಂದು ಮಾತು ಎಂದು ಒಡೆದು ನೋಡಬೇಕು.

ಇಷ್ಟು ಬರೆದು ಮುಗಿಸಿದಾಗ ನನ್ನ ಮುಂದಿದ್ದ ಹಾಳೆಯಲ್ಲಿ ಒಂದು ಚಿತ್ರವಿತ್ತು: ಉದ್ದನೆಯ ಪೆಟ್ಟಿಗೆ, 30 ಗೆರೆ, ಒಂದೊಂದರ ಪಕ್ಕಕ್ಕೂ ಒಂದು ಹೆಸರು. ಆಗ ಹೊಳೆದದ್ದು ‘ಬಿಡಿಸು’.

ನಮ್ಮ ಭಾಷೆಯಲ್ಲಿ ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ. ಅದೇ ಬಾಯಲ್ಲಿ ಚಿತ್ರವನ್ನೂ ಬಿಡಿಸುತ್ತೇವೆ. ರಿವರ್ಸ್ ಇಂಜಿನಿಯರಿಂಗ್‌ಗೆ ಬೇಕಾದದ್ದು ಈ ಎರಡೂ ಅರ್ಥ. ಮೊದಲು ಸಿಕ್ಕು ಬಿಡಿಸಬೇಕು, ಆಮೇಲೆ ನಕ್ಷೆ ಬಿಡಿಸಬೇಕು. ಬೇರೆ ಯಾವ ಪದಕ್ಕೂ ಈ ಭಾಗ್ಯ ಇದ್ದಂತಿಲ್ಲ. ಜೊತೆಗೆ ‘ಕಟ್ಟು’ ಎಂಬುದಕ್ಕೆ ‘ಬಿಡಿಸು’ ತಾನೇ ಎದುರು ನಿಲ್ಲುತ್ತದೆ, ‘ರಿವರ್ಸ್’ ಎಂಬ ಬಾಲವನ್ನು ಬೇರೆ ಅಂಟಿಸಬೇಕಾಗಿಲ್ಲ. ‘ಬಿಚ್ಚು’ ಯಾಕಾಗಬಾರದು ಎಂದು ಕೇಳುವವರಿಗೆ: ಬಿಚ್ಚುವುದು ಸ್ಕ್ರೂಡ್ರೈವರಿನ ಕೆಲಸ. ಬಿಚ್ಚಿಯೂ ಏನೂ ತಿಳಿಯದೆ ಮುಚ್ಚಿಟ್ಟವರು ಬೇಕಾದಷ್ಟು ಜನರಿದ್ದಾರೆ, ನಾನೂ ಒಬ್ಬ.

ತೊಡಕು ಇರುವುದು ಇಲ್ಲಿ. ‘ಡಾಕ್ ಕನೆಕ್ಟರನ್ನು ಬಿಡಿಸಿದೆ’ ಎಂದು ಬರೆದರೆ ಓದುವವರು ಕೇಬಲ್ ಎಳೆದು ತೆಗೆದೆ ಎಂದುಕೊಳ್ಳುತ್ತಾರೆ. ಅದು ತಪ್ಪೂ ಅಲ್ಲ, ಹೂವು ಬಿಡಿಸುವುದು, ಜಗಳ ಬಿಡಿಸುವುದು, ಕೆಲಸ ಬಿಡಿಸುವುದು ಎಲ್ಲವೂ ಬೇರ್ಪಡಿಸುವ ಅರ್ಥದವೇ. ಬೇರೆ ಸಾಧನವಾಗಿದ್ದರೆ ಹೇಗೋ ನಡೆಯುತ್ತಿತ್ತು. ದಿನಕ್ಕೆ ಹತ್ತು ಸಲ ಸಿಕ್ಕಿಸಿ ಬಿಡಿಸುವ ವಸ್ತುವಿಗೇ ಈ ಪದ ಬಳಸಬೇಕಾಗಿ ಬಂದದ್ದು ನನ್ನ ಗ್ರಹಚಾರ.

ಅದಕ್ಕೆ ‘ಬಿಡಿಸಿ ಓದು’ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದೆ. ಆಗತಾನೆ ಅಕ್ಷರ ಕಲಿತ ಮಗು ಉದ್ದನೆಯ ಪದವನ್ನು ಬಿಡಿಸಿ ಬಿಡಿಸಿ ಓದುತ್ತದಲ್ಲ, ಮಲ್ಟಿಮೀಟರ್ ಹಿಡಿದು ಪಿನ್ನಿನಿಂದ ಪಿನ್ನಿಗೆ ಹೋಗುವುದು ಅದೇ ರೀತಿ. ಸೀರಿಯಲ್ ಸಂದೇಶಕ್ಕಂತೂ ಅಕ್ಷರಶಃ ಒಪ್ಪುತ್ತದೆ. ‘ಕನೆಕ್ಟರಿನ 30 ಪಿನ್‌ಗಳನ್ನೂ ಬಿಡಿಸಿ ಓದಿದೆ’ ಎಂದರೆ ಕಿತ್ತೆ ಎಂದು ಯಾರೂ ತಿಳಿಯುವುದಿಲ್ಲ. ಕ್ರಿಯಾಪದವಾಗಿ ನನಗೆ ಇದು ಸಾಕು. ಶೀರ್ಷಿಕೆಗೆ ನಾಮಪದ ಬೇಕೆಂದಾಗ ಮಾತ್ರ ಕೈ ಕಟ್ಟುತ್ತದೆ. ‘ಬಿಡಿಸಿ ಓದುವಿಕೆ’ ಪಠ್ಯಪುಸ್ತಕದ ಅಭ್ಯಾಸದಂತಿದೆ. ‘ಬಿಡಿ’ಗೆ ‘ಓದು’ ಸೇರಿಸಿ ಯಕಾರಾಗಮ ಮಾಡಿದರೆ ‘ಬಿಡಿಯೋದು’. ಆಡುಮಾತಿನ ಹಿಡಿಯೋದು, ಕಡಿಯೋದು ಸಾಲಿಗೆ ಸೇರಿ ನಗೆಪಾಟಲಾಗುತ್ತದೆ.

ಸಂಧಿಯ ಮಾತು ಬಂತಲ್ಲ, ಒಂದು ಅಡ್ಡಮಾತು. ಕನೆಕ್ಟರು ಎಂದರೆ ಸಂಧಿಯೇ, ಹಾಗಾಗಿ ನಾವು ಮಾಡುತ್ತಿರುವುದು ಸಂಧಿ ಬಿಡಿಸುವ ಕೆಲಸವೇ. 19, 20ನೇ ಪಿನ್‌ಗಳು ಯುಎಸ್‌ಬಿಯಂಥದೇ ಇನ್ನೊಂದು ಜೋಡಣೆಯಾದ ಫೈರ್‌ವೈರ್‌ನ 12 ವೋಲ್ಟಿಗೆಂದು ಇದ್ದವು. 2008ರ ಕೆಲವು ಹೊಸ ಮಾದರಿಗಳು ಅದರಿಂದ ಚಾರ್ಜ್ ಆಗುವುದನ್ನು ನಿಲ್ಲಿಸಿದವು, ಹಳೆಯ ಡಾಕ್ (ಪ್ಲೇಯರನ್ನು ಕೂರಿಸುವ ಪೀಠ) ಇದ್ದವರು ಕಂಗಾಲಾದರು. ಇದು ಲೋಪ. ಮೂಲ ತಂತಿಗಳಲ್ಲಿ ಇಲ್ಲದ ರೆಸಿಸ್ಟರ್ ನಡುವೆ ಬಂದು ಕೂತರೆ ಆಗಮ. ಆದೇಶಕ್ಕೆ ಉದಾಹರಣೆ ಹೊಳೆದವರು ತಿಳಿಸಿ.

ಇನ್ನೊಂದು ಪದ ನನ್ನ ಪ್ಲೇಯರನ್ನೇ ತಿನ್ನುವುದರಲ್ಲಿತ್ತು: ‘ಎಡದಿಂದ’. ಕರಡಿನಲ್ಲಿ ‘ಎಡದಿಂದ ಮೊದಲನೆಯದು 1’ ಎಂದು ಬರೆದಿದ್ದೆ. ಯಾರ ಎಡ? ಪ್ಲಗ್ಗಿನ ಬಾಯಿ ನನ್ನ ಕಡೆ ತಿರುಗಿದ್ದಾಗ ಒಂದು ಎಡ, ಹಿಂದಿನಿಂದ ಬೆಸುಗೆ ಹಾಕುವಾಗ ಇನ್ನೊಂದು. ನನ್ನದೇ ಟಿಪ್ಪಣಿ ನೋಡಿಕೊಂಡು ನಾನೇ ತಿರುಗುಮುರುಗಾಗಿ ಬೆಸೆದೆ. ಗ್ರೌಂಡ್ ಪರೀಕ್ಷಿಸಿದೆ, ಸರಿಯಾಗಿಯೇ ಬೀಪ್ ಬಂತು. ಬಾರದೆ ಏನು, 15 ಮಗುಚಿದರೆ 16, 1 ಮತ್ತು 2 ಮಗುಚಿದರೆ 30 ಮತ್ತು 29, ಎಲ್ಲವೂ ಗ್ರೌಂಡೇ! ಆದರೆ 23 ಮಗುಚಿದರೆ 8. ಅದು ವಿಡಿಯೊ ಹೊರಬರುವ ಪಿನ್, ಅದರ ಮೇಲೆ 5 ವೋಲ್ಟ್ ಕೂತಿತ್ತು. ಪ್ಲೇಯರಿಗೆ ಸಿಕ್ಕಿಸುವ ಮುಂಚೆ ಅಸಲಿ ಕೇಬಲ್ಲಿನ ಪಕ್ಕ ಹಿಡಿದು ನೋಡಿದ್ದರಿಂದ ಉಳಿಯಿತು. ಈಗ ‘ಪ್ಲಗ್ಗಿನ ಬಾಯಿ ನಿಮ್ಮತ್ತ ಇರುವಾಗ’, ‘ಬೆಸುಗೆಯ ಬದಿ ನಿಮ್ಮತ್ತ ಇರುವಾಗ’ ಎಂದು ಎರಡೂ ಕಡೆ ಬಿಡಿಸಿ ಬರೆಯುತ್ತಿದ್ದೇನೆ. ‘ಬಾಯಿ ಬದಿ’, ‘ಬೆಸುಗೆ ಬದಿ’ ಎಂದು ಚುಟುಕಾಗಿಸಿದರೆ ಅರ್ಥವಾಗುತ್ತದೆಯೇ?

ಗ್ರೌಂಡಿಗೆ ಕೆಲವರು ‘ಭೂಸಂಪರ್ಕ’ ಎನ್ನುತ್ತಾರೆ. ಗೋಡೆಯ ಸಾಕೆಟ್ಟಿಗೆ ಅದು ಸರಿ. ಜೇಬಿನಲ್ಲಿ ಕೂತು ಹಾಡುವ ಪೆಟ್ಟಿಗೆಗೆ ಭೂಮಿಯ ಸಂಪರ್ಕ ಎಲ್ಲಿಂದ ಬರಬೇಕು? ಉಳಿದ ವೋಲ್ಟುಗಳನ್ನೆಲ್ಲ ಎಲ್ಲಿಂದ ಅಳೆಯುತ್ತೇವೋ ಆ ಸೊನ್ನೆ ಅದು. ‘ನೆಲೆ’ ಎನ್ನೋಣವೇ? ನೆಲದ ನೆನಪೂ ಇದೆ, ಆಧಾರ ಎಂಬ ಅರ್ಥವೂ ಇದೆ. ‘ನೆಲೆ ತಂತಿ’, ‘ನೆಲೆ ಪಿನ್’ ನನ್ನ ಕಿವಿಗೆ ಹಿತವಾಗಿವೆ. ಪಿನ್ನನ್ನು ಪಿನ್ ಎಂದೇ ಬಿಟ್ಟಿದ್ದೇನೆ. ಬಾಚಣಿಗೆಯ ಹಲ್ಲಿನಂತೆ ಚಪ್ಪಟೆಯಾಗಿರುವುದರಿಂದ ಒಂದೆರಡು ಕಡೆ ಹಲ್ಲು ಎಂದೂ ಬಂದಿದೆ. ಡಾಕ್ ಕೂಡ ಡಾಕೇ. ಹಡಗುಕಟ್ಟೆ ಎಂದು ಬರೆದು ಹೊಡೆದುಹಾಕಿದೆ.

ಕೇಬಲ್ ‘ಮಾಡುವುದು’ ಬದಲು ‘ಹೊಸೆಯುವುದು’ ಎಂದಿದ್ದೇನೆ, ಹಗ್ಗ ಹೊಸೆದಂತೆ. ಇಲ್ಲಿ ತಂತಿಗಳನ್ನು ನಿಜವಾಗಿಯೂ ಹೊಸೆಯಲೇಬೇಕು, ಡೇಟಾದ ಎರಡು ಎಳೆಗಳನ್ನು ಒಂದಕ್ಕೊಂದು ಸುತ್ತಿದರೆ ಹೊರಗಿನ ಗದ್ದಲ ಕಡಿಮೆ ಹಿಡಿಯುತ್ತದೆ.

ಹಾಗಾಗಿ ಕೈಪಿಡಿಯ ಮೊದಲ ವಾಕ್ಯ ಸದ್ಯಕ್ಕೆ ಹೀಗಿದೆ: ‘ಡಾಕ್ ಕನೆಕ್ಟರಿನ ಪಿನ್‌ಗಳನ್ನು ಬಿಡಿಸಿ ಓದಿ, ನಕ್ಷೆ ಬಿಡಿಸಿಕೊಂಡು, ಕೇಬಲ್ ಹೊಸೆಯುವ ಬಗೆ.’ ಒಂದೇ ವಾಕ್ಯದಲ್ಲಿ ಎರಡು ‘ಬಿಡಿಸಿ’ ಬೇಕೆಂದೇ ಇಟ್ಟಿದ್ದು. ಓದುವಾಗ ಎಡವುತ್ತದೆಯೇ? ನಿಮ್ಮ ಕಡೆ ಚಿತ್ರ ‘ಬಿಡಿಸು’ ಎನ್ನದೆ ‘ಬರೆ’ ಎಂದಷ್ಟೇ ಹೇಳುವುದಾದರೆ ಅದನ್ನೂ ತಿಳಿಸಿ, ಏಕೆಂದರೆ ಆಗ ನನ್ನ ವಾದದ ಅರ್ಧ ಭಾಗ ಅಲ್ಲಿ ನಡೆಯುವುದಿಲ್ಲ.