ಗಿಂಪ್: ಏಳು ಲೇಯರ್ ಕಾಪಿ ಮಾಡಿದರೆ ಒಂದೇ ಪೇಸ್ಟ್ ಆಗುತ್ತದೆ

ಗೋಳಿಬಜೆ_ಉಡುಪಿ:
ಎಲ್ಲರಿಗೂ ನಮಸ್ಕಾರ. ಪತ್ತನಾಜೆ (ಮೇ ಕೊನೆಯ ತುಳು ಪರ್ವ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದ ಕಾಲ. ಈ ಆಟಿ ತಿಂಗಳಲ್ಲಿ ನಾಲ್ಕು ಶನಿವಾರ ಕೂಟ ಉಂಟು. ಪೋಸ್ಟರ್ ಕೆಲಸ ಎಂದಿನ ಹಾಗೆ ನನ್ನ ತಲೆಗೆ. ಮಾಡುವುದು ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ. ಸಂಬಳ ಒಂದು ಚಾ.

ನಾಲ್ಕೂ ಎ4 ಅಳತೆ, 2480×3508 ಪಿಕ್ಸೆಲ್. ಮೊದಲನೆಯದರ ಕೆಳಭಾಗ ಚೆನ್ನಾಗಿ ಬಂದಿದೆ: ಕೆಂಪು ಪಟ್ಟಿ, ಅದರ ನೆರಳು, ಭಾಗವತರ ಹೆಸರು, ಚೆಂಡೆ-ಮದ್ದಳೆಯವರ ಹೆಸರು, ಅರ್ಥಧಾರಿಗಳ (ಪಾತ್ರದ ಮಾತು ಹೇಳುವವರ) ಹೆಸರು, ಸ್ಥಳ, ಸಮಯ. ಒಟ್ಟು ಏಳು ಲೇಯರ್ (ಒಂದರ ಮೇಲೊಂದು ಇಟ್ಟ ಪದರ). ಇದನ್ನೇ ಉಳಿದ ಮೂರಕ್ಕೂ ಹಾಕಬೇಕು.

ಲೇಯರ್ ಪಟ್ಟಿಯಲ್ಲಿ ಏಳಕ್ಕೂ ಕಣ್ಣಿನ ಚಿತ್ರದ ಪಕ್ಕದ ಸರಪಳಿ ಗುರುತು ಹಾಕಿದೆ. ಒಂದನ್ನು ಸರಿಸಿದರೆ ಏಳೂ ಒಟ್ಟಿಗೆ ಸರಿಯುತ್ತವೆ. ಆದರೆ ಕಂಟ್ರೋಲ್+ಸಿ ಒತ್ತಿ, ಎರಡನೇ ಪೋಸ್ಟರ್‌ಗೆ ಹೋಗಿ ಕಂಟ್ರೋಲ್+ವಿ ಒತ್ತಿದರೆ ‘ಸ್ಥಳ’ ಒಂದೇ ಬಂದು ಕೂರುತ್ತದೆ. ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೂ ಒಂದಕ್ಕಿಂತ ಜಾಸ್ತಿ ಸೆಲೆಕ್ಟ್ ಆಗುವುದಿಲ್ಲ. ಗಿಂಪ್ 2.10.36, ಉಬುಂಟು 24.04. ಎಂತ ಮಾಡುವುದು?

ಹಂಪನಕಟ್ಟೆ_ಪಿಕ್ಸೆಲ್:
ಎಡಿಟ್ ಮೆನುವಿನಲ್ಲಿ ‘ಕಾಪಿ ವಿಸಿಬಲ್’ ಉಂಟಲ್ವಾ? ಕಂಟ್ರೋಲ್+ಶಿಫ್ಟ್+ಸಿ. ಫೋಟೊದ ಕಣ್ಣು ಮುಚ್ಚಿ, ಉಳಿದದ್ದನ್ನು ಕಾಪಿ ಮಾಡಿ. ಎರಡು ನಿಮಿಷದ ಕೆಲಸ.

ಗೋಳಿಬಜೆ_ಉಡುಪಿ:
ಮಾಡಿ ನೋಡಿದೆ. ಏಳೂ ಅಂಟಿಕೊಂಡು ಒಂದೇ ಚಿತ್ರ ಆಗುತ್ತದೆ. ಮುಂದಿನ ವಾರದ ಅರ್ಥಧಾರಿಗಳೇ ಬೇರೆ ಮಾರಾಯ್ರೆ, ಹೆಸರು ಬದಲಿಸುವುದು ಹೇಗೆ?

ಪಣಂಬೂರು_ಗಾಳಿ:
ಫೈಲನ್ನೇ ನಕಲು ಮಾಡಿ ಹಿಂದಿನ ಫೋಟೊ ಬದಲಿಸಿದರೆ ಆಗುವುದಿಲ್ಲವಾ? ಸುಮ್ನೆ ಯಾಕೆ ಇಷ್ಟು ಕಷ್ಟ?

ಗೋಳಿಬಜೆ_ಉಡುಪಿ:
ಮೊದಲೇ ಆ ಬುದ್ಧಿ ಬರಬೇಕಿತ್ತು. ಈಗ ಆ ಮೂರರಲ್ಲೂ ಫೋಟೊ, ಬೆಳಕು, ಪ್ರಸಂಗದ ಹೆಸರು ಎಲ್ಲ ಸೇರಿ ನಾಲ್ಕೈದು ಲೇಯರ್ ಆಗಿವೆ. ಅವನ್ನು ಮೊದಲನೆಯದರ ನಕಲಿಗೆ ತಂದರೂ ಇದೇ ಕಥೆ.

ಕಾಪು_ದೀಪ:
ನಿಮ್ಮ ಕಂಪ್ಯೂಟರ್‌ನದ್ದು ತಪ್ಪಿಲ್ಲ. 2.10ರಲ್ಲಿ ಒಂದು ಸಲಕ್ಕೆ ಒಂದೇ ಲೇಯರ್ ಸೆಲೆಕ್ಟ್ ಆಗುವುದು. ಸರಪಳಿ ಇರುವುದು ಸರಿಸಲಿಕ್ಕೆ, ತಿರುಗಿಸಲಿಕ್ಕೆ, ಹಿಗ್ಗಿಸಲಿಕ್ಕೆ. ಕಾಪಿಗೆ ಅದು ಲೆಕ್ಕಕ್ಕೇ ಇಲ್ಲ. ನಾನೂ ಒಂದು ಇಡೀ ರಾತ್ರಿ ಆ ಸರಪಳಿಯ ಜೊತೆ ಜಗಳಾಡಿದ್ದೇನೆ.

ನಿಮಗೆ ಬೇಕಾದದ್ದು ಲೇಯರ್ ಗ್ರೂಪ್. ಲೇಯರ್ ಪಟ್ಟಿಯ ಕೆಳಗೆ ಫೋಲ್ಡರ್ ಚಿತ್ರ ಉಂಟು, ಒತ್ತಿ. ಏಳನ್ನೂ ಒಂದೊಂದಾಗಿ ಅದರೊಳಗೆ ಎಳೆದು ಹಾಕಿ. ಮೇಲೆ ಕೆಳಗೆ ಇದ್ದ ಕ್ರಮ ತಪ್ಪಬಾರದು, ಇಲ್ಲದಿದ್ದರೆ ಹೆಸರೆಲ್ಲ ಪಟ್ಟಿಯ ಅಡಿಗೆ ಹೋಗುತ್ತದೆ. ಈಗ ಗ್ರೂಪನ್ನು ಪಟ್ಟಿಯಿಂದಲೇ ಮೌಸ್‌ನಲ್ಲಿ ಹಿಡಿದು, ಮೇಲೆ ಕಾಣುವ ಎರಡನೇ ಪೋಸ್ಟರ್‌ನ ಸಣ್ಣ ಚಿತ್ರದ ಮೇಲೆ ತಂದು ನಿಲ್ಲಿಸಿ. ಕೈ ಬಿಡಬೇಡಿ. ಒಂದು ಕ್ಷಣದಲ್ಲಿ ಆ ಪೋಸ್ಟರ್ ತೆರೆದುಕೊಳ್ಳುತ್ತದೆ. ಆಗ ಅದರ ಮೇಲೆ ಬಿಡಿ. ಏಳೂ ಬಿಡಿಬಿಡಿಯಾಗಿ ಬರುತ್ತವೆ, ಅಕ್ಷರ ಅಕ್ಷರವಾಗಿಯೇ ಇರುತ್ತದೆ.

ಗ್ರೂಪ್ ಮಾಡಿಯೂ ಕಂಟ್ರೋಲ್+ಸಿ ಒತ್ತಿದರೆ ಕೆಟ್ಟಿತು. ಕಾಪಿ ವಿಸಿಬಲ್ ಹಾಗೆಯೇ ಎಲ್ಲ ಒಂದಾಗಿಬಿಡುತ್ತದೆ. ಎಳೆದೇ ತರಬೇಕು.

ಇನ್ನೊಂದು. ನೆರಳನ್ನು ‘ಮಲ್ಟಿಪ್ಲೈ’ (ಅಡಿಯದ್ದನ್ನು ಗಾಢ ಮಾಡುವ) ಮೋಡ್‌ನಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ಗ್ರೂಪಿನ ಮೋಡನ್ನು ‘ಪಾಸ್ ಥ್ರೂ’ ಮಾಡಿ. ನಾರ್ಮಲ್‌ನಲ್ಲಿ ಒಳಗಿನ ಲೇಯರ್‌ಗಳು ತಮ್ಮೊಳಗೇ ಬೆರೆಯುತ್ತವೆ, ಅಡಿಯ ಫೋಟೊವನ್ನು ನೋಡುವುದೇ ಇಲ್ಲ.

ಗೋಳಿಬಜೆ_ಉಡುಪಿ:
ಬಂತು ಬಂತು! ಏಳೂ ಬಂತು! ಆದರೆ ಪಟ್ಟಿ ಪೋಸ್ಟರ್‌ನ ಕೆಳಗೆ ಕೂರುವ ಬದಲು ಸರೀ ನಡುವಿಗೆ ಬಂದು ಕೂತಿದೆ. ಮೂರು ಪೋಸ್ಟರ್‌ನಲ್ಲೂ ಕಣ್ಣಳತೆಯಲ್ಲಿ ಸರಿಸಿದರೆ ಒಂದೊಂದು ಒಂದೊಂದು ಕಡೆ ಹೋಗುತ್ತದೆ. ಗೋಡೆಗೆ ನಾಲ್ಕೂ ಸಾಲಾಗಿ ಅಂಟಿಸುವಾಗ ಗೊತ್ತಾಗಿಯೇ ಆಗುತ್ತದೆ.

ಕಾಪು_ದೀಪ:
ಹೌದು, ಅದನ್ನು ಹೇಳಲು ಮರೆತೆ. ಎಳೆದು ಬಿಟ್ಟದ್ದನ್ನು ಗಿಂಪ್ ಪರದೆಯಲ್ಲಿ ಕಾಣುವ ಭಾಗದ ನಡುವಿಗೆ ಇಡುತ್ತದೆ. ಜೂಮ್ ಮಾಡಿದ್ದರೆ ಇನ್ನೂ ಎಲ್ಲೆಲ್ಲಿಗೋ ಹೋಗುತ್ತದೆ.

ಇದಕ್ಕೊಂದು ಉಪಾಯ ಉಂಟು. ಮೊದಲ ಪೋಸ್ಟರ್‌ನ ಗ್ರೂಪಿನೊಳಗೆ ಎಂಟನೆಯದಾಗಿ ಒಂದು ಖಾಲಿ ಲೇಯರ್ ಹಾಕಿ. ಪೂರ್ತಿ 2480×3508, ಟ್ರಾನ್ಸ್‌ಪರೆಂಟ್. ಗ್ರೂಪಿನ ಅಳತೆ ಎಂದರೆ ಒಳಗಿನ ಲೇಯರ್‌ಗಳೆಲ್ಲ ಸೇರಿ ಎಷ್ಟು ಜಾಗ ಹಿಡಿಯುತ್ತವೋ ಅಷ್ಟು. ಖಾಲಿ ಲೇಯರ್ ಸೇರಿದರೆ ಗ್ರೂಪ್ ಪೂರ್ತಿ ಪೋಸ್ಟರ್‌ನಷ್ಟೇ ದೊಡ್ಡದಾಯಿತಲ್ವಾ? ಆಗ ನಡುವಿಗೆ ಇಟ್ಟರೂ ನಾಲ್ಕು ಮೂಲೆ ಮೂಲೆಗೆ ಕೂರುತ್ತದೆ, ಪಟ್ಟಿ ತನ್ನ ಜಾಗಕ್ಕೇ ಬರುತ್ತದೆ. ಬಿಡುವ ಮೊದಲು ಎರಡನೇ ಪೋಸ್ಟರ್ ಪರದೆಯಲ್ಲಿ ಇಡಿಯಾಗಿ ಕಾಣುತ್ತಿರಲಿ, ಅದಕ್ಕೆ ಕಂಟ್ರೋಲ್+ಶಿಫ್ಟ್+ಜೆ. ನೆರಳಿನ ಲೇಯರ್ ಹಾಳೆಯ ಅಂಚು ದಾಟಿ ಹೊರಗೆ ಹೋಗಿದ್ದರೆ ಲೆಕ್ಕ ತಪ್ಪುತ್ತದೆ. ಆ ಲೇಯರ್ ಮೇಲೆ ‘ಲೇಯರ್ ಟು ಇಮೇಜ್ ಸೈಜ್’ ಕೊಡಿ.

ಹಂಪನಕಟ್ಟೆ_ಪಿಕ್ಸೆಲ್:
ಇಷ್ಟೆಲ್ಲ ಸರ್ಕಸ್ ಯಾಕೆ? 2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬಂತು. ಅದರಲ್ಲಿ ಶಿಫ್ಟ್, ಕಂಟ್ರೋಲ್ ಹಿಡಿದು ಎಷ್ಟು ಲೇಯರ್ ಬೇಕಾದರೂ ಸೆಲೆಕ್ಟ್ ಮಾಡಬಹುದು. ಕಾಪಿ, ಪೇಸ್ಟ್, ಮುಗಿಯಿತು. ಚಿತ್ರದ ಮೇಲೆ ಹಳೆಯ ಸೆಲೆಕ್ಷನ್ ಉಳಿದಿದ್ದರೆ ಮೊದಲು ಕಂಟ್ರೋಲ್+ಶಿಫ್ಟ್+ಎ ಒತ್ತಿ ತೆಗೆಯಿರಿ. ಉಬುಂಟುಗೆ ಫ್ಲಾಟ್‌ಪ್ಯಾಕ್‌ನಲ್ಲಿ (ಲಿನಕ್ಸ್‌ಗೆ ಸಾಫ್ಟ್‌ವೇರ್ ಹಾಕುವ ಒಂದು ವಿಧಾನ) ಸಿಗುತ್ತದೆ.

ಕಾಪು_ದೀಪ:
ಒಪ್ಪುತ್ತೇನೆ. ಆದರೆ ಶನಿವಾರದ ಕೂಟಕ್ಕೆ ಗುರುವಾರ ಸಾಫ್ಟ್‌ವೇರ್ ಬದಲಿಸಬೇಡಿ. 3ರಲ್ಲಿ ಉಳಿಸಿದ ಎಕ್ಸ್‌ಸಿಎಫ್ (ಗಿಂಪ್‌ನ ಸ್ವಂತ ಫೈಲ್) ಕೆಲವೊಮ್ಮೆ 2.10ರಲ್ಲಿ ತೆರೆಯುವುದಿಲ್ಲ. ಹಳೆಯದರ ನಕಲು ಬೇರೆ ಕಡೆ ಇಟ್ಟು, ಸಾವಕಾಶ ಮಾಡಿ.

ಪಣಂಬೂರು_ಗಾಳಿ:
ನಡುವೆ ನನ್ನದೊಂದು. ವಾಟ್ಸಾಪ್ ಸ್ಟೇಟಸ್‌ಗೆ ಇದೇ ಪಟ್ಟಿಯನ್ನು 1080 ಪಿಕ್ಸೆಲ್ ಅಗಲಕ್ಕೆ ತರಬೇಕಾದರೆ?

ಕಾಪು_ದೀಪ:
ಖಾಲಿ ಲೇಯರ್ ತೆಗೆದು ಗ್ರೂಪನ್ನು ಎಳೆದು ತನ್ನಿ. ಗ್ರೂಪನ್ನೇ ಸೆಲೆಕ್ಟ್ ಮಾಡಿ ಶಿಫ್ಟ್+ಎಸ್ ಒತ್ತಿ ಕುಗ್ಗಿಸಿ, ಒಳಗಿನದೆಲ್ಲ ಒಟ್ಟಿಗೆ ಕುಗ್ಗುತ್ತದೆ. ಆದರೆ ಹೀಗೆ ಕುಗ್ಗಿಸಿದ ಮೇಲೆ ಅಕ್ಷರ ಚಿತ್ರವಾಗಿಬಿಡುತ್ತದೆ. ಹೆಸರು ತಿದ್ದುವುದನ್ನೆಲ್ಲ ಮೊದಲೇ ಮುಗಿಸಿ.

ಗೋಳಿಬಜೆ_ಉಡುಪಿ:
ಖಾಲಿ ಲೇಯರ್ ಉಪಾಯ ಸರಿಹೋಯಿತು. ಮೂರರಲ್ಲೂ ಪಟ್ಟಿ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ನಡುವೆ ಎರಡು ಸಲ ಕರೆಂಟ್ ಹೋಯಿತು, ಪುಣ್ಯಕ್ಕೆ ಫೈಲ್ ಉಳಿಸಿದ್ದೆ. ಎಲ್ಲ ಮುಗಿಸಿ ಪ್ರೆಸ್ಸಿಗೆ ಹೊರಡುವಾಗ ಫೋನ್ ಬಂತು: ಮೂರನೇ ಶನಿವಾರದ ಅರ್ಥಧಾರಿಯೊಬ್ಬರಿಗೆ ಬರಲು ಆಗುವುದಿಲ್ಲವಂತೆ, ಬದಲಿಗೆ ಬೇರೆಯವರು. ಗ್ರೂಪ್ ತೆರೆದೆ, ಹೆಸರಿನ ಮೇಲೆ ಕ್ಲಿಕ್ ಮಾಡಿದೆ, ಬದಲಿಸಿದೆ. ಪುನಃ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೇನೆ.