ಬಿ.ಡಿ. ಕೊನೆಯ ವರ್ಷಕ್ಕೆ ಯಾವ ಐಚ್ಛಿಕ ವಿಷಯ ತೆಗೆದುಕೊಳ್ಳಲಿ? ನಿಮ್ಮ ಅನುಭವ ಹೇಳಿ

ಎಲ್ಲರಿಗೂ ವಂದನೆ. ಮಂಗಳೂರಿನಲ್ಲಿ ಬಿ.ಡಿ. (ಕ್ರೈಸ್ತ ದೈವಶಾಸ್ತ್ರದ ಪದವಿ) ಓದುತ್ತಿದ್ದೇನೆ, ಊರು ಗದಗದ ಕಡೆ. ಕೊನೆಯ ವರ್ಷದ ಐಚ್ಛಿಕ ವಿಷಯಗಳನ್ನು ಬರೆದುಕೊಡಬೇಕು. ಹೀಬ್ರೂ (ಹಳೆ ಒಡಂಬಡಿಕೆಯ ಮೂಲ ಭಾಷೆ), ಆಪ್ತಸಮಾಲೋಚನೆ, ದಲಿತ ದೈವಶಾಸ್ತ್ರ (ದಲಿತರ ಅನುಭವದಿಂದ ನಂಬಿಕೆಯನ್ನು ನೋಡುವುದು), ಸಭಾ ಚರಿತ್ರೆ (ಚರ್ಚಿನ ಇತಿಹಾಸ), ಎಲ್ಲದರ ಮೇಲೂ ಮನಸ್ಸಿದೆ. ಮುಂದೆ ಎಂ.ಟಿ.ಎಚ್. (ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡುವ ಆಸೆಯೂ ಇದೆ. ಆದರೆ ಮೊದಲು ಹಳ್ಳಿ ಸಭೆಗೇ (ಚರ್ಚಿಗೇ) ಪಾಲಕರಾಗಿ ಹಾಕುತ್ತಾರೆ. ಸೇವೆಯಲ್ಲಿರುವ ಅಣ್ಣಂದಿರು, ಅಕ್ಕಂದಿರು ದಾರಿ ತೋರಿಸಿ.

ಹಳ್ಳಿ ಸಭೆಯ ಪಾಲಕರೊಬ್ಬರು:
ತಮ್ಮಾ, ಗುರುಗಳಿಲ್ಲದೆ ಆಮೇಲೆ ಕಲಿಯಲಾಗದ್ದು ಯಾವುದು ಅಂತ ಮೊದಲು ನೋಡು. ಅದನ್ನು ಈಗ ತಗೋ. ನನ್ನ ಲೆಕ್ಕದಲ್ಲಿ ಅದು ಹೀಬ್ರೂ. ಸಭೆಗೆ ಹೋದ ಮೇಲೆ ಒಂದು ಮನೆಯಲ್ಲಿ ಕಾಯಿಲೆ, ಇನ್ನೊಂದು ಮನೆಯಲ್ಲಿ ಮದುವೆ, ನಡುವೆ ಭಾನುವಾರದ ಪ್ರಸಂಗ. ಕೂತು ಕ್ರಿಯಾಪದದ ರೂಪ ಬಾಯಿಪಾಠ ಮಾಡಲು ಸಮಯ ಎಲ್ಲಿ? ಎಂ.ಟಿ.ಎಚ್.ನಲ್ಲಿ ಹಳೆ ಒಡಂಬಡಿಕೆ ಬೇಕೆಂದರೆ ಹೀಬ್ರೂ ಬೇಕೇ ಬೇಕು. ಹೊಸ ಒಡಂಬಡಿಕೆಗೆ ಗ್ರೀಕ್.

ಪ್ರಸಂಗಕ್ಕೂ ಇದು ಬಹಳ ಉಪಯೋಗ. ಹಳೆ ಒಡಂಬಡಿಕೆಯ ಪ್ರಲಾಪಗಳ ಪುಸ್ತಕದ ಮೂರನೇ ಅಧ್ಯಾಯ ತೆಗೆದುಕೋ. 66 ವಚನ. ಹೀಬ್ರೂವಿನ 22 ಅಕ್ಷರಗಳಲ್ಲಿ ಒಂದೊಂದಕ್ಕೆ ಮೂರು ವಚನ, ಬಹುತೇಕ ಅಕ್ಷರಮಾಲೆಯ ಕ್ರಮದಲ್ಲೇ ಶುರುವಾಗುತ್ತವೆ. ಯೆರೂಸಲೇಮ್ ಸುಟ್ಟುಹೋಗಿದೆ, ಜನ ಸತ್ತಿದ್ದಾರೆ, ಆದರೂ ಆ ಕವಿ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಒಂದೂ ಬಿಡದೆ ಅಳುತ್ತಾನೆ. ಸಾವಿನ ಮನೆಯಲ್ಲಿ ನಾನು ಇದನ್ನು ಹೇಳಿದ್ದೇನೆ. ಅವಸರ ಮಾಡದೆ ಪೂರ್ತಿ ಅಳಲು ಬೈಬಲಿನಲ್ಲೇ ಜಾಗ ಇದೆ ಅಂದಾಗ ಜನರಿಗೆ ತಟ್ಟುತ್ತದೆ.

ದಲಿತ ದೈವಶಾಸ್ತ್ರ, ಇತರ ಧರ್ಮಗಳ ಅಧ್ಯಯನ ಎರಡೂ ಒಳ್ಳೆಯವೇ. ಆದರೆ ಪುಸ್ತಕ ತರಿಸಿಕೊಂಡು ಆಮೇಲೆ ಓದಬಹುದು.

ಆಸ್ಪತ್ರೆಯಲ್ಲಿ ಸೇವೆ ಮಾಡುವ ಅಕ್ಕ:
ಅಯ್ಯನವರ ಲೆಕ್ಕ ಸರಿ. ಅದೇ ಲೆಕ್ಕದಲ್ಲಿ ಆಪ್ತಸಮಾಲೋಚನೆಯನ್ನೂ ಸೇರಿಸಿಕೊಳ್ಳಿ. ಆದರೆ ಒಂದು ವಿಷಯ ಮೊದಲೇ ವಿಚಾರಿಸಿ: ಆಸ್ಪತ್ರೆಗೆ ಕಳಿಸುತ್ತಾರಾ, ಇಲ್ಲ ಬರೀ ತರಗತಿ ಪಾಠವಾ? ಬರೀ ಪಾಠ ಆದರೆ ಬಿಡಿ.

ನಮ್ಮನ್ನು ವಾರ್ಡಿಗೆ ಕಳಿಸುತ್ತಿದ್ದರು. ರೋಗಿಯ ಜೊತೆ ಆಡಿದ ಮಾತನ್ನೆಲ್ಲ ಅಂದೇ ಸಂಜೆ, ಹೆಸರು ಬಿಟ್ಟು, ಮಾತಿಗೆ ಮಾತು ಬರೆದು ಗುರುಗಳಿಗೆ ತೋರಿಸಬೇಕು. ನಮ್ಮ ತರಗತಿಯವರೊಬ್ಬರು ಮಗು ಕಳೆದುಕೊಂಡ ತಾಯಿಯ ಹತ್ತಿರ ಹೋಗಿದ್ದರು. "ದೇವರು ಯಾಕೆ ಹೀಗೆ ಮಾಡಿದ?" ಅಂತ ಆಕೆ ಕೇಳಿದ ಕೂಡಲೇ 23ನೇ ಕೀರ್ತನೆ ತೆಗೆದು ಓದಿದರು. ಗುರುಗಳು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಸಮಾಧಾನ ಬೇಕಾಗಿದ್ದದ್ದು ಯಾರಿಗೆ? ಆಕೆಗಾ, ನಿನಗಾ?" ಇಡೀ ತರಗತಿ ಸುಮ್ಮನಾಯಿತು. ಇಂಥ ಪ್ರಶ್ನೆಯನ್ನು ಪುಸ್ತಕ ಕೇಳುವುದಿಲ್ಲ. ಹಳ್ಳಿಯಲ್ಲೂ ಮೊದಲ ವಾರದಿಂದಲೇ ನಿಮಗೆ ಇದು ಬೇಕಾಗುತ್ತದೆ.

ಬೀದರ್ ಕಡೆಯಿಂದ:
ದಲಿತ ದೈವಶಾಸ್ತ್ರವನ್ನು ಆಮೇಲೆ ಓದಿಕೊಳ್ಳಬಹುದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1981ರಲ್ಲಿ ಈ ವಿಷಯ ಶುರುಮಾಡಿದವರಲ್ಲಿ ಒಬ್ಬರಾದ ಅರವಿಂದ ಪಿ. ನಿರ್ಮಲ್ ಅವರು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾತಾಡಿದಾಗ ಎದುರಿಗೆ ಕೂತು ಕೇಳುವವರಿದ್ದರು. ಈ ವಿಷಯ ಬೆಳೆದದ್ದೇ ಹಾಗೆ, ವಾದ ಮಾಡುತ್ತಾ. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಬೆಂಚಿನಲ್ಲಿ ಕೂತು ಜಾತಿಯ ಬಗ್ಗೆ ಬಾಯಿಬಿಟ್ಟು ಮಾತಾಡುವ ಜಾಗ ಕಾಲೇಜು ಬಿಟ್ಟ ಮೇಲೆ ಸಿಗುವುದು ಕಷ್ಟ. ಸಭೆಯಲ್ಲಿ ಆ ಮಾತು ಎತ್ತಿದರೆ ಎಲ್ಲರೂ ನೆಲ ನೋಡುತ್ತಾರೆ.

ಇನ್ನು ದಿನದ ಕೆಲಸ ನೋಡಿ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. ಮಗಳನ್ನು ಕಾಲೇಜಿಗೆ ಸೇರಿಸಬೇಕು, ಫಾರಂನಲ್ಲಿ ಏನು ಬರೆಯಲಿ ಅಯ್ಯನವರೇ, ಅಂತ ಸಭೆಯವರು ಬಂದು ನಿಲ್ಲುತ್ತಾರೆ. ಆ ಅಪ್ಪನ ಸಂಕಟ ಗೊತ್ತಿಲ್ಲದೆ ಭಾನುವಾರ ಅವರ ಮುಂದೆ ನಿಂತು ಏನು ಪ್ರಸಂಗ ಮಾಡುತ್ತೀರಿ?

ಮಂಗಳೂರಿನಿಂದ:
ಪ್ರಬಂಧ ಬರೆಯುವುದಾದರೆ ಮಾತ್ರ ಚರಿತ್ರೆ ತಗೊಳ್ಳಿ. ಮಂಗಳೂರಿನ ಬಲ್ಮಠದಲ್ಲೇ ಇದ್ದೀರಿ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರ ಕೈಗೆಟಕುವ ದೂರದಲ್ಲಿವೆ. ಆದರೆ ಆ ಮಿಷನ್ನಿನ ಮೋಗ್ಲಿಂಗ್, ಅವರ 1843ರ ಪತ್ರಿಕೆ ಮಂಗಳೂರ ಸಮಾಚಾರ ಬೇಡ, ಅದರ ಬಗ್ಗೆ ಜಾಸ್ತಿ ಜನ ಬರೆದಾಗಿದೆ. ಗದಗ-ಬೆಟಗೇರಿಯ ನಿಮ್ಮ ಸಭೆಗಳ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ, ವಯಸ್ಸಾದವರನ್ನು ಮಾತಾಡಿಸಿ. ಮುಂದಿನ ರಜೆಯಲ್ಲೇ ಶುರುಮಾಡಿ, ಹಿರಿಯರು ಇರುವಾಗಲೇ ಕೇಳಿಕೊಳ್ಳಬೇಕು.

ಮತ್ತೆ ಹಳ್ಳಿ ಸಭೆಯ ಪಾಲಕರು:
ಬೀದರಿನವರ ಮಾತು ಒಪ್ಪಿದೆ. ಹಾಗಾದರೆ ತಮ್ಮಾ, ಹೀಬ್ರೂ, ಆಪ್ತಸಮಾಲೋಚನೆ, ದಲಿತ ದೈವಶಾಸ್ತ್ರ, ಈ ಮೂರು ಬರೆದುಕೊಡು. ಕೊಡುವ ಮೊದಲು ವೇಳಾಪಟ್ಟಿ ಕೇಳಿ ನೋಡು. ಆಸ್ಪತ್ರೆಗೆ ಹೋಗುವ ದಿನವೂ ಹೀಬ್ರೂ ತರಗತಿಯೂ ಒಂದೇ ಹೊತ್ತಿಗೆ ಬಿದ್ದರೆ, ಬದಲಾಯಿಸಿ ಕೊಡಿ ಅಂತ ಪ್ರಾಂಶುಪಾಲರನ್ನು ಈಗಲೇ ಕೇಳು. ತರಗತಿ ಶುರುವಾದ ಮೇಲೆ ಕೇಳಿದರೆ ಕಷ್ಟ.